ಯಾವ ನೀರಿನ ಮೀನು?

1992ರಲ್ಲಿ ಅಮೆರಿಕದ ಐಡಾಹೊ ರಾಜ್ಯದ ರೆಡ್‌ಫಿಶ್ ಸರೋವರಕ್ಕೆ ಕಡಲಿನಿಂದ ಮರಳಿದ ಸಾಕೈ ಸಾಲ್ಮನ್ ಮೀನು ಒಂದೇ ಒಂದು. ಅದೂ ಗಂಡು. 900 ಮೈಲಿ ಹೊಳೆಗೆ ಎದುರಾಗಿ ಈಜಿ, ಎಂಟು ಅಣೆಕಟ್ಟು ದಾಟಿ, 6,500 ಅಡಿ ಎತ್ತರದ ಹುಟ್ಟಿದ ನೀರಿಗೆ ಬಂದರೆ ಅಲ್ಲಿ ಜೊತೆಗಾತಿಯೇ ಇಲ್ಲ. ಜನ ಅದನ್ನು 'ಒಂಟಿ ಲ್ಯಾರಿ' ಎಂದು ಕರೆದರು.

ಹುಟ್ಟಿದಲ್ಲಿಗೇ ಹೋಗಿ ಮೊಟ್ಟೆಯಿಟ್ಟು ಸಾಯುವುದು ಈ ಮೀನುಗಳ ಹಟ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ತಲೆತಲಾಂತರದಿಂದ ತಂತಮ್ಮ ನೀರಿಗೇ ಹೋಗಿ ಹೋಗಿ, ಒಂದೊಂದು ಸರೋವರದ ಮೀನಿನ ವಂಶವಾಹಿಗಳಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಸೇರಿಕೊಂಡಿದೆ. ಕಣ್ಣಿಗೆ ಅದು ಕಾಣದು. ಕೊಲಂಬಿಯಾ ನದಿಯಲ್ಲಿ ವೆನಾಚಿ, ಒಕನಾಗನ್, ರೆಡ್‌ಫಿಶ್ ಎಲ್ಲದರ ಸಾಕೈಗಳೂ ಒಟ್ಟಿಗೇ ಮೇಲೇರುತ್ತವೆ, ಒಂದೇ ಬಲೆಗೆ ಬೀಳುತ್ತವೆ. ಈಜುರೆಕ್ಕೆಯ ಒಂದು ಚೂರು ಕತ್ತರಿಸಿ, ಮೊದಲೇ ಕೂಡಿಸಿಟ್ಟ ಸರೋವರಗಳ ಮಾದರಿಯೊಡನೆ ಹೋಲಿಸಿದರೆ, ಗುಂಪಿನಲ್ಲಿ ಯಾವ ನೀರಿನದು ಎಷ್ಟೆಂದು ತಿಳಿಯುತ್ತದೆ. ಅದನ್ನು ನೋಡಿ ಹಿಡಿಯುವುದಕ್ಕೆ ಮಿತಿ ಹಾಕಬಹುದು.

ಮೊದಲು ಇದನ್ನು ಓದಿದಾಗ ನನಗೆ ಇರುಸುಮುರುಸಾಯಿತು. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ 'ನೀವು ಯಾವ ಪೈಕಿ?' ಎಂದು ಕೇಳಿಸಿಕೊಂಡವಳು ನಾನು. ಹುಟ್ಟನ್ನು ಕೆದಕುವ ಪ್ರಶ್ನೆ ಇರುವುದೇ ಬಾಗಿಲು ಮುಚ್ಚುವುದಕ್ಕೆ ಎಂದು ನಂಬಿದ್ದೆ. ಇಲ್ಲಿ ಅದೇ ಪ್ರಶ್ನೆ ಬಲೆಯನ್ನು ತಡೆಯುತ್ತಿದೆಯಲ್ಲ! 2014ರಲ್ಲಿ ಕೊಲಂಬಿಯಾದ ಕೆಳಗಿನ ಅಣೆಕಟ್ಟನ್ನು ದಾಟಿದ ಸಾಕೈಗಳು ಆರು ಲಕ್ಷಕ್ಕೂ ಹೆಚ್ಚು. ರೆಡ್‌ಫಿಶ್ ಕಣಿವೆ ಮುಟ್ಟಿದವು ಸುಮಾರು ಒಂದೂವರೆ ಸಾವಿರ. ಮೀನೆಲ್ಲ ಒಂದೇ ಎಂದು ಎಣಿಸಿದರೆ ಆ ಒಂದೂವರೆ ಸಾವಿರ ಹೋದದ್ದೂ ಗೊತ್ತಾಗದು. ಮನೆಮಂದಿಗೆಲ್ಲ ಸಾಕಾಯಿತು ಎನ್ನುತ್ತೇವೆ. ಕೊನೆಗೆ ಉಣ್ಣುವವಳ ತಟ್ಟೆಯನ್ನು ಯಾರು ನೋಡಿರುತ್ತಾರೆ?

ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ನದಿ ತುಂಬ ಮೀನಿರುವಾಗ, ಎಲ್ಲೋ ಮೇಲಿನ ಕೆಲವಕ್ಕಾಗಿ ಬಲೆ ಎತ್ತಬೇಕಾದವರಲ್ಲಿ 1855ರ ಒಪ್ಪಂದದಿಂದ ಮೀನಿನ ಹಕ್ಕು ಪಡೆದ ಮೂಲನಿವಾಸಿಗಳೂ ಇದ್ದಾರೆ. ಈ ಮೀನನ್ನು ಉಳಿಸಿ ಎಂದು 1990ರಲ್ಲಿ ಅರ್ಜಿ ಕೊಟ್ಟವರೂ ಮೂಲನಿವಾಸಿಗಳೇ, ಮೇಲಿನ ಸೀಮೆಯ ಶೋಶೋನ್-ಬ್ಯಾನಕ್ ಜನ. ಬಿಟ್ಟುಕೊಡುವವರೂ ಕೇಳುವವರೂ ಮೀನನ್ನೇ ನಂಬಿದವರು. ಬಲೆಯವನಿಗೆ ಮಿತಿ ಹೇಳುವುದು ಸುಲಭ, ಎಂಟು ಅಣೆಕಟ್ಟುಗಳಿಗೆ ಹೇಳುವುದು ಅಷ್ಟು ಸುಲಭವಲ್ಲ.

ಇನ್ನೊಂದು ಮಾತು. ಕೆಲವು ಸಾಲ್ಮನ್‌ಗಳು ದಾರಿ ತಪ್ಪಿ ಬೇರೆ ಹೊಳೆಗೂ ಹೋಗುತ್ತವೆ. ಹಿಮ ಕರಗಿ ಆದ ಈ ಸರೋವರಗಳಿಗೆ ಮೊದಲು ಬಂದವೂ ಅಂಥವೇ ಇರಬೇಕು. ಒಂಟಿ ಲ್ಯಾರಿಯ ವೀರ್ಯವನ್ನು ಕಾದಿಟ್ಟು ಮರಿ ಮಾಡಿಸಲು ಬಳಸಿದರು. 1991ರಿಂದ 1998ರವರೆಗೆ ಮರಳಿದ್ದು ಒಟ್ಟು 16 ಮೀನು. ಈಗ ಆ ನೀರಿಗೆ ಬರುತ್ತಿರುವ ಸಾಕೈಗಳು ಬಹುಪಾಲು ಆ ಕಾಲದಲ್ಲಿ ತೊಟ್ಟಿಗಳಲ್ಲಿ ಸಾಕಿ ಉಳಿಸಿಕೊಂಡ ಸಂತತಿಯವು.