ಮನೆ ಮೊದಲು ಯಾರಿಗೆ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸೇವೆ ಸಲ್ಲಿಸುವ ಗುರುವಿನ ಬಾಗಿಲಿಗೆ ವರ್ಷ ವರ್ಷವೂ ತಪ್ಪದೆ ಬರುವ ಕೋರಿಕೆಯೊಂದಿದೆ. "ಫಾದರ್, ಪಂಚಾಯ್ತಿಗೆ ಒಂದು ಚೀಟಿ ಬರ್ದುಕೊಡ್ರಿ. ಈ ಸಲ ಮನಿ ಪಟ್ಟ್ಯಾಗ ನಮ್ ಹೆಸ್ರು ಬರ್ಲಿ." ಕೇಳುವುದಕ್ಕೆ ಸಣ್ಣ ಕೋರಿಕೆ. ಆದರೆ ಈ ಚೀಟಿ ಬರೆಯುವುದು ಪುಣ್ಯವೋ ಪಾಪವೋ ಎಂಬ ಪ್ರಶ್ನೆ ಒಮ್ಮೆ ನನ್ನ ನಿದ್ದೆ ಕೆಡಿಸಿತು. ಅದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಸಹೋದರರೊಬ್ಬರ ಮಾಳಿಗೆ ಮನೆಯ ಗೋಡೆ ಕುಸಿಯಿತು. ಮೂವರು ಚಿಕ್ಕ ಮಕ್ಕಳು. ಭಾನುವಾರದ ಬಲಿಪೂಜೆಯನ್ನು ಎಂದೂ ತಪ್ಪಿಸದ ಕುಟುಂಬ. ಅವರು ಚೀಟಿ ಕೇಳಿದಾಗ ಮನೆಯನ್ನೊಮ್ಮೆ ಕಣ್ಣಾರೆ ನೋಡೋಣವೆಂದು ಹೊರಟೆ. ಅವರ ಹಿತ್ತಲಿನಾಚೆ ನಾಲ್ಕು ತಗಡು, ಒಂದು ತಾಡಪಾಲು. ಅದರೊಳಗೆ ಒಬ್ಬ ಹೆಣ್ಣುಮಗಳು, ಹಾಸಿಗೆ ಹಿಡಿದ ಆಕೆಯ ತಾಯಿ. ಬಾಲ್ಯದಲ್ಲಿಯೇ ದೇವದಾಸಿಯಾಗಿ ಬಿಡಲ್ಪಟ್ಟವರು ಆಕೆ. ಕುಳಿತ ಜಾಗ ಸರ್ಕಾರದ್ದು, ಕೈಯಲ್ಲಿ ಕಾಗದವಿಲ್ಲ. "ಇವರ ಹೆಸರು ಪಟ್ಟಿಯಲ್ಲಿದೆಯೇ?" ಎಂದು ಕೇಳಿದೆ. ಸಹೋದರರು ಸಹಜವಾಗಿಯೇ ಹೇಳಿದರು: "ಆಕಿ ನಮ್ಮಾಕಿ ಅಲ್ಲ ಬಿಡ್ರಿ, ಫಾದರ್."

ಅಲ್ಲಿಗೆ ನನ್ನ ಪೆನ್ನು ನಿಂತಿತು.

ಮನೆಯಿಲ್ಲದವರಿಗೆ ನಮ್ಮ ನಾಡಿನಲ್ಲಿ ಯೋಜನೆಗಳ ಕೊರತೆಯಿಲ್ಲ. ಕರ್ನಾಟಕದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಹುಟ್ಟಿತು. ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳು ಬಂದವು. ಕೇಂದ್ರದ ಇಂದಿರಾ ಆವಾಸ್ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಆಯಿತು. ಬಯಲುಸೀಮೆಯ ಹಳ್ಳಿಯ ಮನೆಯೊಂದಕ್ಕೆ ಆಗ 1,20,000 ರೂಪಾಯಿ ನಿಗದಿಯಾಯಿತು. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಬೇಕೆಂಬುದು ನಿಯಮ. ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರು, ವಿಧವೆಯರು, ಅಂಗವಿಕಲರು ಮುಂತಾದವರಿಗೆ ವಿಶೇಷ ವರ್ಗದ ಅವಕಾಶವೂ ಇದೆ.

ಆದರೂ ತೀರಾ ಬಡವನೇ ಹೊರಗುಳಿಯುತ್ತಾನೆ. ಮನೆ ಮಂಜೂರಾಗಲು ನಿವೇಶನ ಬೇಕು, ನಿವೇಶನಕ್ಕೆ ಹಕ್ಕುಪತ್ರ ಬೇಕು. ಹಣ ಕಂತುಕಂತಾಗಿ ಬರುತ್ತದೆ: ತಳಪಾಯಕ್ಕೆ, ಲಿಂಟಲ್ಲಿಗೆ, ಛಾವಣಿಗೆ. ಕೈಯಲ್ಲಿ ಕಾಸಿಲ್ಲದವನು ತಳಪಾಯಕ್ಕೇ ಬಡ್ಡಿಗೆ ಸಾಲ ತರಬೇಕು. ಇನ್ನು ಗುಳೆ ಹೋದವರ ಪಾಡು? ಬೆಂಗಳೂರಿನಲ್ಲಿ ಬೇರೆಯವರ ಮಹಡಿಗೆ ಇಟ್ಟಿಗೆ ಹೊರುವವನು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ದುಡಿಯುವವಳು ಗ್ರಾಮಸಭೆಯ ದಿನ ಊರಲ್ಲಿರುವುದಿಲ್ಲ. ಇಲ್ಲದವರ ಪರವಾಗಿ ಬಾಯಿ ತೆರೆಯುವವರು ಯಾರು? ಇದ್ದವರು ಚೀಟಿ ತರುತ್ತಾರೆ. ಮುಖಂಡನ ಚೀಟಿ, ಮಠದ ಚೀಟಿ, ಮತ್ತು ಸಂಕೋಚದಿಂದಲೇ ಹೇಳುತ್ತೇನೆ, ಫಾದರ್ ಚೀಟಿ.

ಈಗ ಮೂಲ ಪ್ರಶ್ನೆಗೆ ಬರೋಣ. ಮನೆ ಎಂಬುದು ದಾನವೋ, ಹಕ್ಕೋ? ದಾನವಾದರೆ ಕೊಡುವವನ ಇಷ್ಟ. ತನಗೆ ಬೇಕಾದವರಿಗೆ ಕೊಡಬಹುದು. ಹಕ್ಕಾದರೆ ಸಲ್ಲಬೇಕಾದವರಿಗೆ ಸಲ್ಲಿಸಲೇಬೇಕು. ಇದರಲ್ಲಿ ಧರ್ಮಸಭೆಯ ನಿಲುವು ಸ್ಪಷ್ಟ. ನಾಲ್ಕನೆಯ ಶತಮಾನದಲ್ಲೇ ಸಂತ ಅಂಬ್ರೋಸರು, ಬಡವನಿಗೆ ಕೊಡುವವನು ತನ್ನದನ್ನು ಕೊಡುತ್ತಿಲ್ಲ, ಅವನದನ್ನೇ ಹಿಂದಿರುಗಿಸುತ್ತಿದ್ದಾನೆ ಎಂಬರ್ಥದಲ್ಲಿ ಬೋಧಿಸಿದರು. ಭೂಮಿಯ ಸಂಪತ್ತು ಎಲ್ಲರಿಗಾಗಿ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. 1987ನ್ನು ವಿಶ್ವಸಂಸ್ಥೆ ವಸತಿಹೀನರ ವರ್ಷವಾಗಿ ಆಚರಿಸಿದಾಗ ಧರ್ಮಸಭೆಯ ನ್ಯಾಯ ಮತ್ತು ಶಾಂತಿ ಆಯೋಗ ಈ ವಿಷಯದ ಮೇಲೆಯೇ ಒಂದು ಪತ್ರ ಹೊರಡಿಸಿತು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ, ತಲೆಯ ಮೇಲೊಂದು ಸೂರು ಬದುಕುವ ಹಕ್ಕಿನ ಭಾಗವೆಂದೇ ತೀರ್ಪಿತ್ತಿತು.

ನಮ್ಮ ಸೀಮೆಗೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆ ನೀರಿನಲ್ಲಿ ಮುಳುಗಿತು. ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ಮತ್ತೆ ಒಲೆ ಹೂಡಿದರು. ಯಾರದೋ ಗದ್ದೆಗೆ ನೀರು ಹರಿಯಲೆಂದು ಇನ್ಯಾರೋ ಮನೆ ಬಿಟ್ಟರು. ಅಂಥವರಿಗೆ ಕೊಡುವ ಸೂರನ್ನು ಭಿಕ್ಷೆ ಎನ್ನಲಾದೀತೇ? ಅದು ನಾವು ತೀರಿಸಬೇಕಾದ ಋಣ.

ಹಕ್ಕು ಎಂದಮೇಲೆ ಮುಖ ನೋಡಿ ಮಣೆ ಹಾಕುವಂತಿಲ್ಲ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇದನ್ನು ಹಂಚಿಕೆಯ ನ್ಯಾಯಕ್ಕೆ ವಿರುದ್ಧವಾದ ಪಾಪವೆಂದು ಎಣಿಸಿದ್ದಾರೆ. ಸಂತ ಯಾಕೋಬರೂ ತಮ್ಮ ಪತ್ರದಲ್ಲಿ, ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ಕಾಲಡಿಯ ಜಾಗ ಕೊಡುವ ವಿಶ್ವಾಸಿಗಳನ್ನು ಗದರಿಸುತ್ತಾರೆ.

ನಾನು ಚೀಟಿ ಬರೆಯಲಿಲ್ಲ. ಸಹೋದರರು ನೊಂದು ಕೇಳಿದರು: "ನಮ್ ಫಾದರೇ ನಮಗಾಗ್ಲಿಲ್ಲ ಅಂದ್ರೆ ಇನ್ಯಾರಾಗ್ತಾರ್ರೀ?" ಈ ಮಾತನ್ನು ತಳ್ಳಿಹಾಕಬೇಡಿ. ಕುರುಬನಿಗೆ ತನ್ನ ಮಂದೆಯ ಮೇಲೆ, ತಂದೆಗೆ ತನ್ನ ಮಕ್ಕಳ ಮೇಲೆ ಹೆಚ್ಚಿನ ಹೊಣೆಯಿದೆ. ಪಕ್ಕಾ ಛಾವಣಿಯಡಿ ಮಲಗುವ ನಾನು ಮಳೆಯಲ್ಲಿ ನೆನೆಯುವವರಿಗೆ ನ್ಯಾಯಶಾಸ್ತ್ರ ಹೇಳುವುದೂ ಸುಲಭವಲ್ಲ.

ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ನನ್ನ ಜೇಬಿನಿಂದ ಕೊಡುವಾಗ 'ನನ್ನವರು' ಎಂಬ ಮಮತೆ ಸಲ್ಲುತ್ತದೆ. ಎಲ್ಲರ ಕಣಜದಿಂದ ಅಳೆಯುವಾಗ ಅದು ಸಲ್ಲದು; ಅಲ್ಲಿ ನನ್ನವನಿಗೆ ಒಂದು ಸೇರು ಹೆಚ್ಚು ಅಳೆದರೆ ಇನ್ನೊಬ್ಬರ ಬೊಗಸೆಯಿಂದ ಅಷ್ಟನ್ನು ಕಿತ್ತಂತೆ. ಪಟ್ಟಿಯಲ್ಲಿ ಒಂದು ಹೆಸರು ಮೇಲೇರಿದರೆ ಇನ್ನೊಂದು ಕೆಳಗಿಳಿಯಲೇಬೇಕು. ಕೆಳಗಿಳಿದವರ ಮುಖ ನಮಗೆ ಕಾಣುವುದಿಲ್ಲ, ಅಷ್ಟೇ. ಎಲ್ಲರೂ ಚೀಟಿ ತರುವಾಗ ನಾವೊಬ್ಬರೇ ಸುಮ್ಮನಿದ್ದರೆ ನಮ್ಮವರಿಗೆ ನಷ್ಟವಲ್ಲವೇ ಎಂದು ನೀವು ಕೇಳಬಹುದು. ಹೌದು, ನಷ್ಟವೇ. ಆ ನಷ್ಟವನ್ನು ನಮ್ಮ ಜೇಬಿನಿಂದ, ನಮ್ಮ ಬೆವರಿನಿಂದ ತುಂಬಿಕೊಡಬೇಕಾದವರು ನಾವೇ.

ಹಾಗೆಯೇ ಮಾಡಿದೆವು. ಧರ್ಮಕೇಂದ್ರದ ಯುವಕರು ಮೂರು ಭಾನುವಾರ ಪೂಜೆ ಮುಗಿಸಿ ಹೋಗಿ ಸಹೋದರರ ಗೋಡೆ ಎತ್ತಿದರು. ಸಿಮೆಂಟಿನ ಖರ್ಚಿಗೆ ಕಾಣಿಕೆ ಕೂಡಿಸಿದೆವು. ಆ ಹೆಣ್ಣುಮಗಳಿಗಾಗಿ, ಸರ್ಕಾರಿ ಜಾಗದಲ್ಲಿ ಮೊದಲಿನಿಂದ ವಾಸವಿರುವವರಿಗೆ ಭೂಕಂದಾಯ ಕಾಯ್ದೆಯ 94ಸಿ ಕಲಮಿನಲ್ಲಿರುವ ಅವಕಾಶದಡಿ ಅರ್ಜಿ ಬರೆಸಿದೆವು. ಗ್ರಾಮಸಭೆಯಲ್ಲಿ ಆಕೆಯ ಹೆಸರನ್ನು ಎತ್ತಿದೆವು. ಹಕ್ಕುಪತ್ರ ಕೈಗೆ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದವು. ಅದನ್ನು ನೋಡಲು ಆಕೆಯ ತಾಯಿ ಇರಲಿಲ್ಲ. ಸಹೋದರರಿಗೆ ನನ್ನ ಮೇಲಿನ ಮುನಿಸು ಇನ್ನೂ ಪೂರ್ತಿ ಆರಿಲ್ಲ. ಆದರೆ ಆ ಹೆಣ್ಣುಮಗಳ ಮನೆಯ ತಳಪಾಯ ತೋಡುವ ದಿನ ಅವರೇ ಗುದ್ದಲಿ ಹಿಡಿದು ಬಂದಿದ್ದರು.

ಪ್ರಿಯರೇ, ಪ್ರತಿ ಕ್ರಿಸ್ತಜಯಂತಿಗೆ ನಾವು ಗೋದಲಿ ಕಟ್ಟುತ್ತೇವೆ. ತುಂಬು ಗರ್ಭಿಣಿ ಮರಿಯಮ್ಮನವರಿಗೆ ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗಲಿಲ್ಲವೆಂದು ಮಕ್ಕಳಿಗೆ ಕಥೆ ಹೇಳುತ್ತೇವೆ. ದೇವಪುತ್ರನು ಮನೆಯಿಲ್ಲದವನಾಗಿಯೇ ಈ ಲೋಕಕ್ಕೆ ಬಂದನೆಂದು ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ವಾಷಿಂಗ್ಟನ್ನಿನ ವಸತಿಹೀನರ ನಡುವೆ ನಿಂತು ನೆನಪಿಸಿದ್ದರು. ಅಂದು ಬೆತ್ಲೆಹೇಮಿನಲ್ಲಿ ಆ ಪರಸ್ಥಳದವರ ಪರವಾಗಿ ಒಂದು ಮಾತಾಡುವವರಿರಲಿಲ್ಲ. ಇಂದು ನಮ್ಮೂರಿನಲ್ಲಿ ನಾವಿದ್ದೇವೆ.

ಈ ವಾರ ಸಂಜೆಯ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಓಣಿಯಲ್ಲಿ ಪಟ್ಟಿಗೆ ಸೇರದೆ ಉಳಿದವರು ಯಾರು? ಗುಳೆ ಹೋದವರು ಯಾರು? ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಅಲ್ಲಿ ನಿಮ್ಮ ಹೆಸರಿಗಿಂತ ಮೊದಲು ಅವರ ಹೆಸರು ಹೇಳಿ.