ಅಳತೆಯರಿತ ಬಾಳು

ಸುಖವನ್ನು ಬಯಸದ ಜೀವಿಯಿಲ್ಲ. ಆದರೆ ಬಹುಮಂದಿ ಅದನ್ನು ಅರಸುವುದು ನೆರೆಮನೆಯ ಅಂಗಳದಲ್ಲಿ. ಪರರ ಮದುವೆಯ ಚಪ್ಪರವನ್ನು ಕಂಡು ತನ್ನ ಹೊಲವನ್ನು ಒತ್ತೆಯಿಡುವವನೂ, ಹೋಳಿಗೆಯಿಲ್ಲವೆಂಬ ನಾಚಿಕೆಯಿಂದ ಜಂಗಮವನ್ನು ಮನೆಗೆ ಕರೆಯದವನೂ ಒಂದೇ ರೋಗದಿಂದ ಬಳಲುತ್ತಾರೆ. ತಾನಿರುವಂತೆ ತನ್ನನ್ನು ಒಪ್ಪಿಕೊಳ್ಳಲಾರದ ಮನವೇ ಆ ರೋಗದ ಮೂಲ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯು ಇದಕ್ಕೆ ದಿವ್ಯೌಷಧ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರಿಗೆ, ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಕಾಯಕ. ಆ ಅಕ್ಕಿಯಿಂದಲೇ ದಾಸೋಹ. ಲೋಕವು ಕಿರಿದೆಂದು ಬಗೆವ ಆ ಕಾಯಕವನ್ನು ಅವರು ಮರೆಮಾಡಲಿಲ್ಲ. ಅದೇ ಅವರ ಹೆಸರಿಗೆ ಭೂಷಣವಾಗಿ ನಿಂತಿತು.

ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಅಧಿಕವಾಗಿ ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹರ್ಷಿಸಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು. ಮತ್ತೊಮ್ಮೆ ಶರಣರ ಗೋಷ್ಠಿಯಲ್ಲಿ ಮೈಮರೆತಿದ್ದ ಪತಿಯನ್ನು, ಕಾಯಕವು ನಿಂತಿತೆಂದು ಎಚ್ಚರಿಸಿದವರೂ ಅವರೇ ಎಂದು ಪರಂಪರೆಯು ಹೇಳುತ್ತದೆ. ಇದು ಬಡತನದ ಹೆಮ್ಮೆಯಲ್ಲ, ತನ್ನ ಅಳತೆಯ ಅರಿವು. ಬೇಡದ ಅಕ್ಕಿಯು ಮನೆಯೊಳಗೆ ಬಂದರೆ ನಾಳೆಯ ಚಿಂತೆಯೂ ಅದರೊಡನೆ ಬರುತ್ತದೆ. ಚಿಂತೆಯು ನೆಲೆಸಿದ ಮನೆಯಲ್ಲಿ ಅತಿಥಿಯು ಹೊರೆಯಾಗಿ ತೋರುತ್ತಾನೆ.

ಅದೇ ಲಕ್ಕಮ್ಮನವರು ಬಿಜ್ಜಳನ ಭಂಡಾರಿಯಾದ ಬಸವಣ್ಣನವರನ್ನೂ ಅಸಂಖ್ಯಾತ ಜಂಗಮರನ್ನೂ ತಮ್ಮ ಬಡಮನೆಗೆ ದಾಸೋಹಕ್ಕಾಗಿ ಬರಮಾಡಿಕೊಂಡರಂತೆ. ತನ್ನ ಬಡತನಕ್ಕೆ ನಾಚದವರು ಪರರ ಸಿರಿತನಕ್ಕೆ ಅಂಜುವರೇ? ತನ್ನೊಡನೆ ಸಮಾಧಾನದಿಂದಿರುವವನು ಮಾತ್ರವೇ ಅಸೂಯೆಯಾಗಲಿ ದೈನ್ಯವಾಗಲಿ ಇಲ್ಲದೆ ಇನ್ನೊಬ್ಬರ ಮುಖವನ್ನು ನೋಡಬಲ್ಲನು. ನಿಜವಾದ ಬಾಂಧವ್ಯವು ಮೊದಲಾಗುವುದು ಅಲ್ಲಿಂದ.

ಲಕ್ಕಮ್ಮನವರ ವಚನಗಳ ಅಂಕಿತವು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಪತಿಯನ್ನು ತಿದ್ದಿದ ಸತಿಯೇ ಪತಿಯ ಹೆಸರನ್ನು ತನ್ನ ದೈವದ ಹೆಸರಿನೊಡನೆ ಬೆಸೆದಳು. ತಿದ್ದುವ ಧೈರ್ಯವೂ, ತಿದ್ದಿದಾಗ ಮನ್ನಿಸುವ ವಿನಯವೂ ಕೂಡಿದಲ್ಲಿ ಸಂಸಾರವೇ ಶರಣಸಂಗವಾಗುತ್ತದೆ.

ಸದ್ಭಕ್ತರು ನಿತ್ಯವೂ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಪೂಜಿಸುತ್ತಾರೆ. ಆ ಲಿಂಗವು ನೆರೆಯವರ ಕೈಯಲ್ಲಿಲ್ಲ. ತಮ್ಮ ಅಂಗೈಯಲ್ಲಿಯೇ ಇದೆ. ಸುಖವೂ ಅಂತೆಯೇ. ಇದನ್ನರಿತ ಗೃಹಸ್ಥನು ಇಂದು ಮನೆಯಲ್ಲಿರುವುದು ಅಂಬಲಿಯೇ ಆದರೂ ನಾಚದೆ ಬಾಗಿಲನ್ನು ತೆರೆಯಲಿ. ಬಂದವರು ಉಣ್ಣುವುದು ಅಂಬಲಿಯನ್ನಲ್ಲ, ಅದನ್ನು ನೀಡಿದ ಮನವನ್ನು.