ಲೆಕ್ಕವೂ ಋಣವೂ

ಹಲವರು ಸೇರಿ ಒಂದು ಕಾರ್ಯಕ್ಕೆ ಹಣ ಕೂಡಿಸುವುದು ಕನ್ನಡ ನಾಡಿಗೆ ಹೊಸತಲ್ಲ. ಕೆರೆಯ ಏರಿಯನ್ನು ಬಲಪಡಿಸುವುದಕ್ಕೂ, ದೇವಸ್ಥಾನಕ್ಕೆ ಹೊಸ ಮಾಡು ಹೊದಿಸುವುದಕ್ಕೂ, ಶಾಲೆಗೊಂದು ಕೊಠಡಿ ಕಟ್ಟುವುದಕ್ಕೂ ವಂತಿಗೆ ಎತ್ತುವ ಪದ್ಧತಿ ಊರೂರಿಗೂ ಉಂಟು. ಈಚೆಗೆ ಈ ಹಳೆಯ ಪದ್ಧತಿಗೆ ಒಂದು ಹೊಸ ರೂಪ ಬಂದಿದೆ. ಯಾವ ಸರ್ಕಾರದ ಮುದ್ರೆಯೂ ಇಲ್ಲದ, ಯಾವ ಖಜಾನೆಯಲ್ಲಿಯೂ ಇರದ, ಗಣಕಯಂತ್ರಗಳ ಲೆಕ್ಕದಲ್ಲಿ ಮಾತ್ರ ಬಾಳುವ ಕ್ರಿಪ್ಟೋ ನಾಣ್ಯವೆಂಬುದು ಹುಟ್ಟಿ, ಒಬ್ಬರ ಮುಖವನ್ನೊಬ್ಬರು ಕಾಣದ ಸಾವಿರಾರು ಜನರು ಅದರ ಮೂಲಕ ವಂತಿಗೆ ಹಾಕಿ ಉದ್ಯಮಗಳನ್ನೂ ಧರ್ಮಕಾರ್ಯಗಳನ್ನೂ ನಡೆಸತೊಡಗಿದ್ದಾರೆ. ಇಲ್ಲಿ ಯಾರನ್ನೂ ನಂಬಬೇಕಾಗಿಲ್ಲ, ಲೆಕ್ಕವೆಲ್ಲ ಎಲ್ಲರ ಕಣ್ಣೆದುರಿಗೇ ಇದೆ ಎಂಬುದು ಇದರ ಪಕ್ಷಪಾತಿಗಳ ವಾದ. ನಂಬಿಕೆಯ ಅಗತ್ಯವೇ ಇಲ್ಲದ ವಂತಿಗೆ ಎಂಬುದೊಂದು ಸಾಧ್ಯವೆ? ಸಾಧ್ಯವಾದರೆ ಅದು ಶ್ರೇಯಸ್ಕರವೆ? ಈ ಪ್ರಶ್ನೆ ಹಣಕಾಸಿನದಾಗಿ ತೋರಿದರೂ ವಿಚಾರಿಸಿ ನೋಡಿದರೆ ಧರ್ಮದ ಪ್ರಶ್ನೆಯೇ ಆಗಿದೆ.

ದೂರದ ಪಟ್ಟಣಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಪೊನ್ನಂಪೇಟೆ ತಾಲೂಕಿನ ಹುದಿಕೇರಿಯನ್ನು ತೆಗೆದುಕೊಳ್ಳಬಹುದು. ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ಕಾಫಿ, ನೆರಳುಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಇದು ದಕ್ಷಿಣ ಕೊಡಗಿನ ಇತರ ಊರುಗಳಂತೆಯೇ ಒಂದು ಊರು. ಇಂಥ ಊರಿನ ಮಕ್ಕಳು ಸೈನ್ಯದಲ್ಲಿಯೂ ಬೆಂಗಳೂರಿನಲ್ಲಿಯೂ ಸಮುದ್ರದಾಚೆಯ ದೇಶಗಳಲ್ಲಿಯೂ ಚದುರಿಹೋಗಿದ್ದಾರೆ. ಊರಿನ ಕಾರ್ಯಕ್ಕೆ ಅವರು ಕೊಡುವ ಹಣ ಈಗ ಕೈಯಿಂದ ಕೈಗೆ ಬರುವುದಿಲ್ಲ, ಮೊಬೈಲಿನ ಮೂಲಕ ಬರುತ್ತದೆ. ಕೊಡುವವನೂ ಕೊಳ್ಳುವವನೂ ಎದುರುಬದುರಾಗಿ ನಿಲ್ಲುವ ಕಾಲ ಕಳೆಯುತ್ತಿರುವಾಗ, ಅವರ ನಡುವೆ ಉಳಿಯತಕ್ಕ ಸಂಬಂಧವೇನು ಎಂಬುದು ಹುದಿಕೇರಿಗೂ ಸಂಬಂಧಿಸಿದ ಮಾತೇ ಸರಿ.

ಹಳೆಯ ವಂತಿಗೆಯ ಒಳಗುಟ್ಟನ್ನು ಮೊದಲು ಪರೀಕ್ಷಿಸಬೇಕು. ಬಯಲುಸೀಮೆಯ ಮದುವೆಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವಿರುತ್ತದೆ. ಯಾರು ಎಷ್ಟು ಕೊಟ್ಟರೆಂಬುದು ಅದರಲ್ಲಿ ದಾಖಲಾಗುತ್ತದೆ. ಅದು ಲೆಕ್ಕ. ಆದರೆ ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ತಾನೂ ಹೋಗಿ ಕೊಡಬೇಕೆಂಬ ಮಾತು ಪುಸ್ತಕದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ, ಅದು ಮನಸ್ಸಿನಲ್ಲಿರುತ್ತದೆ. ಅದು ಋಣ. ಲೆಕ್ಕವು ಆದುದನ್ನು ಹೇಳುತ್ತದೆ. ಋಣವು ಆಗಬೇಕಾದುದನ್ನು ಹೇಳುತ್ತದೆ. ಕೊಡಗಿನ ಊರುಗಳಲ್ಲಿ ದೇವತಕ್ಕ, ಊರುತಕ್ಕ ಎಂದು ವಂಶಪಾರಂಪರ್ಯವಾಗಿ ಬಂದ ಮುಖ್ಯಸ್ಥರಿರುವರಷ್ಟೆ. ಹಬ್ಬಕ್ಕೆ ಕೂಡಿದ ಹಣದ ವಿಷಯದಲ್ಲಿ ಯಾರನ್ನು ಕೇಳಬೇಕೆಂಬುದು ಊರಿನ ಮಗುವಿಗೂ ಗೊತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡ ಗ್ರಾಮದಲ್ಲಿ 60 ತಂಡಗಳೊಡನೆ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವವು 2024ರಲ್ಲಿ 360 ತಂಡಗಳಷ್ಟು ಬೆಳೆದುದಕ್ಕೆ ಹಣಬಲವೊಂದೇ ಕಾರಣವಲ್ಲ. ಒಂದೊಂದು ವರ್ಷ ಒಂದೊಂದು ಒಕ್ಕವು ತನ್ನ ಹೆಸರಿನಲ್ಲಿಯೇ ಅದರ ಭಾರವನ್ನು ಹೊರುತ್ತದೆ. ಲೋಪವಾದರೆ ಆ ಹೆಸರಿಗೆ ಕುಂದು ಬರುತ್ತದೆ.

ಈ ಹೊಣೆಯನ್ನು ಕಾಯಿದೆಯೂ ಒಂದು ಕಾಲದಲ್ಲಿ ಅಂಗೀಕರಿಸಿತ್ತು. 1904ರ ಸಹಕಾರ ಕಾಯಿದೆಯಂತೆ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಮನೆಮಾರೂ ಅದಕ್ಕೆ ಈಡಾಗಬೇಕಾಗಿತ್ತು. ನಿಯಮ ಕಠಿನವಾದದ್ದೇ. ಆದರೆ ಕೂಡಿದ ಹಣಕ್ಕೆ ಉತ್ತರ ಹೇಳುವವರು ಯಾರೆಂಬ ಸಂದೇಹಕ್ಕೆ ಅಲ್ಲಿ ಆಸ್ಪದವೇ ಇರಲಿಲ್ಲ.

ಇನ್ನು ಹೊಸ ವಿಧಾನ. 2008ರ ಅಕ್ಟೋಬರ್ 31ರಂದು ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ ಒಂದು ಪ್ರಬಂಧ ಹೊರಬಿದ್ದು, 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಚಲಾವಣೆಗೆ ಬಂದಿತು. ಆ ಹೆಸರಿನ ಹಿಂದಿದ್ದವರು ಯಾರೆಂಬುದು ಇಂದಿಗೂ ನಿಶ್ಚಯವಾಗಿಲ್ಲ. ಬ್ಲಾಕ್‌ಚೈನ್ ಎಂಬ ಅದರ ಲೆಕ್ಕದ ಪುಸ್ತಕದ ಪ್ರತಿಗಳು ಸಾವಿರಾರು ಯಂತ್ರಗಳಲ್ಲಿರುತ್ತವೆ. ಒಮ್ಮೆ ಬರೆದುದನ್ನು ಒಬ್ಬನೇ ತಿದ್ದಲಾರನು. 2014ರ ಜುಲೈ ತಿಂಗಳಿನಿಂದ 42 ದಿನಗಳ ಕಾಲ ಈಥೀರಿಯಮ್ ಎಂಬ ಮತ್ತೊಂದು ಯೋಜನೆಗೆ ಸಾರ್ವಜನಿಕರಿಂದ ಬಿಟ್‌ಕಾಯಿನ್ ರೂಪದಲ್ಲಿಯೇ ವಂತಿಗೆ ಎತ್ತಲಾಯಿತು. ಕೂಡಿದ ಮೊತ್ತ ಸುಮಾರು 1.8 ಕೋಟಿ ಡಾಲರು. ಲೆಕ್ಕದ ಪುಸ್ತಕದೊಳಗೇ ಕರಾರನ್ನು ಸೂತ್ರರೂಪವಾಗಿ ಬರೆದಿಡುವ ಅನುಕೂಲವು ಇದರಲ್ಲಿ ದೊರೆಯಿತು. ಇಂತಿಷ್ಟು ದಿನಗಳೊಳಗೆ ಇಂತಿಷ್ಟು ಹಣ ಕೂಡದಿದ್ದರೆ ಕೊಟ್ಟವರಿಗೆಲ್ಲ ಹಿಂದಕ್ಕೆ ಹೋಗತಕ್ಕದ್ದು ಎಂದು ಬರೆದರೆ ಹಣವು ಹಾಗೆಯೇ ಹಿಂದಿರುಗುವುದು. ಯಾವ ಗುಮಾಸ್ತನ ದಾಕ್ಷಿಣ್ಯವೂ ಬೇಕಾಗಿಲ್ಲ. ವಂತಿಗೆಯ ಹಣ ಮುಖಂಡನ ಪೆಟ್ಟಿಗೆಯಲ್ಲಿ ಕರಗಿಹೋದ ಕತೆಗಳನ್ನು ಕೇಳಿ ಬೇಸತ್ತವರಿಗೆ ಇದು ಅಲ್ಪವಾದ ಗುಣವಲ್ಲ.

ಆದರೆ ಸೂತ್ರಕ್ಕೆ ಕಣ್ಣಿಲ್ಲ. ಹುದಿಕೇರಿಯ ತೋಡೊಂದಕ್ಕೆ ಕಾಲುಸೇತುವೆ ಕಟ್ಟುವೆವೆಂದು ಯಾರೋ ಈ ವಿಧಾನದಿಂದ ವಂತಿಗೆ ಎತ್ತಿದರೆಂದು ಭಾವಿಸೋಣ. ಸೇತುವೆ ಮುಗಿದ ಕೂಡಲೆ ಹಣ ಸಲ್ಲತಕ್ಕದ್ದೆಂಬುದು ಕರಾರು. ಸೇತುವೆ ಮುಗಿಯಿತೆಂದು ಯಂತ್ರಕ್ಕೆ ತಿಳಿಸುವವರು ಯಾರು? ಒಬ್ಬ ಮನುಷ್ಯನು ಹೋಗಿ ನೋಡಿ ಬಂದು ಹೇಳಬೇಕು. ಅದು ಕಕ್ಕಡ ಮಾಸದ ಮಳೆಗೆ ನಿಂತೀತೆ ಎಂಬುದನ್ನು ಬಲ್ಲವನೊಬ್ಬನು ಪರೀಕ್ಷಿಸಬೇಕು. ಅವನು ಸುಳ್ಳು ಹೇಳಿದರೆ ಆ ಸುಳ್ಳು ಅಳಿಸಲಾಗದ ಅಕ್ಷರಗಳಲ್ಲಿ ದಾಖಲಾಗುತ್ತದೆ, ಅಷ್ಟೆ. ನಂಬಿಕೆ ಇಲ್ಲಿ ತನ್ನ ಸ್ಥಾನವನ್ನು ಬದಲಾಯಿಸಿತೇ ಹೊರತು ಅನಾವಶ್ಯಕವಾಗಲಿಲ್ಲ. ಹಣ ಹೋಯಿತೆಂಬುದಕ್ಕೆ ಯಂತ್ರ ಸಾಕ್ಷಿಯಾಗಬಲ್ಲದು. ಕೊಟ್ಟ ಮಾತು ನಡೆಯಿತೆಂಬುದಕ್ಕೆ ಅದು ಸಾಕ್ಷಿಯಾಗಲಾರದು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ 2016ರಲ್ಲಿ ನಡೆದ ಸಂಗತಿಯೇ ನಿದರ್ಶನ. ಆ ವರ್ಷ 'ದಿ ಡಾವೊ' ಎಂಬ ಹೆಸರಿನಿಂದ ಈಥೀರಿಯಮ್ ಮೇಲೆ ಒಂದು ನಿಧಿ ಕೂಡಿತು. ಸುಮಾರು 15 ಕೋಟಿ ಡಾಲರು ಬೆಲೆಯ ನಾಣ್ಯ ಸೇರಿತು. ಅದಕ್ಕೆ ಅಧ್ಯಕ್ಷನಿಲ್ಲ, ಕಾರ್ಯದರ್ಶಿಯಿಲ್ಲ. ಸೂತ್ರವೇ ಅದರ ಧರ್ಮಶಾಸ್ತ್ರವೆಂದು ಸಾರಲಾಗಿತ್ತು. ಜೂನ್ 17ರಂದು ಯಾರೋ ಅದರಿಂದ ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ಸೆಳೆದುಕೊಂಡರು. ಆ ಸೂತ್ರದಲ್ಲಿದ್ದ ದೋಷ ಇಷ್ಟೆ: ಖಜಾಂಚಿಯು ಹಣವನ್ನು ಮೊದಲು ಕೊಟ್ಟು ಪುಸ್ತಕದಲ್ಲಿ ಆಮೇಲೆ ಬರೆದುಕೊಂಡರೆ, ಅವನು ಲೇಖನಿ ಎತ್ತುವುದರೊಳಗಾಗಿ ಕೇಳುವವನು ಮತ್ತೆ ಮತ್ತೆ ಕೈ ನೀಡಬಹುದಲ್ಲವೆ? ಆದುದು ಅದೇ. ಸೆಳೆದುಕೊಂಡವನು ಸೂತ್ರವನ್ನು ಮುರಿಯಲಿಲ್ಲ. ಸೂತ್ರವು ಒಪ್ಪಿದುದನ್ನೇ ಮಾಡಿದನು. ಸೂತ್ರವೇ ಧರ್ಮವಾಗಿದ್ದರೆ ಅವನನ್ನು ಕಳ್ಳನೆನ್ನುವುದಕ್ಕೆ ಆಧಾರವೇ ಇರಲಿಲ್ಲ. ಆದರೂ ಕಳ್ಳತನವೆಂದೇ ಬಹುಜನರ ಮನಸ್ಸು ಹೇಳಿತು. ವಾದವಿವಾದಗಳು ನಡೆದು, ಜುಲೈ 20ರಂದು ಬಹುಪಾಲು ಜನರು ಕೂಡಿ ಲೆಕ್ಕದ ಪುಸ್ತಕವನ್ನೇ ಬೇರೆ ದಾರಿಗೆ ತಿರುಗಿಸಿ ಹಣವನ್ನು ಕೊಟ್ಟವರಿಗೆ ದೊರಕಿಸಿದರು. ಒಪ್ಪದವರು ಹಳೆಯ ಪುಸ್ತಕವನ್ನೇ ಹಿಡಿದುಕೊಂಡು ಈಥೀರಿಯಮ್ ಕ್ಲಾಸಿಕ್ ಎಂದು ಬೇರೆಯಾದರು. ಮನುಷ್ಯರ ತೀರ್ಪು ಬೇಡವೆಂದು ಕಟ್ಟಿದ ಮನೆಯನ್ನು ಉಳಿಸಿದ್ದು ಮನುಷ್ಯರ ತೀರ್ಪೇ.

ಭಾರತದಲ್ಲಿ ನಡೆದ ಎರಡು ಪ್ರಸಂಗಗಳನ್ನು ಇದರೊಡನೆ ಇಟ್ಟು ನೋಡಬಹುದು. 2021ರ ಏಪ್ರಿಲ್‌ನಲ್ಲಿ ಕೊರೊನಾ ವ್ಯಾಧಿಯ ಎರಡನೆಯ ಅಲೆ ಎದ್ದು ಆಮ್ಲಜನಕಕ್ಕಾಗಿ ಜನರು ಪರದಾಡುತ್ತಿದ್ದಾಗ, ಪಾಲಿಗಾನ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಸಂದೀಪ್ ನೈಲ್ವಾಲ್ ಕ್ರಿಪ್ಟೋ ನಾಣ್ಯಗಳ ಪರಿಹಾರ ನಿಧಿಯೊಂದನ್ನು ತೆರೆದರು. ಮೇ 12ರಂದು ಈಥೀರಿಯಮ್ ಸ್ಥಾಪಕರಾದ ವಿಟಾಲಿಕ್ ಬ್ಯೂಟರಿನ್ ಅದಕ್ಕೆ ಶಿಬಾ ಇನು ಎಂಬ ನಾಣ್ಯದ ದೊಡ್ಡ ರಾಶಿಯನ್ನೇ ಕೊಟ್ಟರು. ಅಂದಿನ ಧಾರಣೆಯಂತೆ ಅದರ ಬೆಲೆ 100 ಕೋಟಿ ಡಾಲರು. ಆದರೆ ಆ ಸುದ್ದಿಗೇ ಧಾರಣೆ ಕುಸಿಯಿತು. ನಿಧಿಯವರು ಮೆಲ್ಲಮೆಲ್ಲನೆ ಮಾರಿ ಪಡೆದದ್ದು ಆ ಎಣಿಕೆಗಿಂತ ಬಹಳ ಕಡಮೆ. ವಿದೇಶೀ ದೇಣಿಗೆಯ ಕಾಯಿದೆಯ ತೊಡಕುಗಳೂ ಇದ್ದುವು. ಹಣದ ವಿನಿಯೋಗ ನಿಧಾನವಾಯಿತೆಂಬ ಆಕ್ಷೇಪಣೆಯೂ ಕೇಳಿಬಂದಿತು. ಈ ಆಕ್ಷೇಪಣೆಯೇ ಇಲ್ಲಿ ಗಮನಿಸತಕ್ಕದ್ದು. ನಿಧಿಯನ್ನು ತೆರೆದವರು ಹೆಸರು ಹೇಳಿಕೊಂಡು ಎದುರಿಗೆ ನಿಂತಿದ್ದುದರಿಂದಲೇ ಅವರನ್ನು ಕೇಳಲು ಸಾಧ್ಯವಾಯಿತು. ಅವರೂ ಉತ್ತರ ಹೇಳಬೇಕಾಯಿತು. ಪ್ರಶ್ನೆಗೆ ಗುರಿಯಾಗುವುದೇ ಹೊಣೆಯ ಮೊದಲ ಲಕ್ಷಣ.

ಮತ್ತೊಂದು ಪ್ರಸಂಗ ಕೊಡಗಿನ ನೆರೆಯದು. ಕೇರಳದಲ್ಲಿ ಮೋರಿಸ್ ಕಾಯಿನ್ ಎಂಬ ನಾಣ್ಯದ ಹೆಸರಿನಲ್ಲಿ, ದಿನದಿನವೂ ಲಾಭ ಬರುವುದೆಂಬ ಆಸೆ ತೋರಿಸಿ ಜನರಿಂದ ಹಣ ಕೂಡಿಸಲಾಯಿತು. 2022ರ ಜನವರಿಯಲ್ಲಿ ಜಾರಿ ನಿರ್ದೇಶನಾಲಯವು ಆ ಪ್ರಕರಣಕ್ಕೆ ಸಂಬಂಧಿಸಿ 36.72 ಕೋಟಿ ರೂಪಾಯಿಗಳ ಸ್ವತ್ತನ್ನು ಜಪ್ತಿ ಮಾಡಿತು. ಹೊಸ ನಾಣ್ಯವೆಂಬ ಹೆಸರಿನ ಬೆಡಗು, ಹಣ ತಾನಾಗಿ ಬೆಳೆಯುವುದೆಂಬ ಮಾತು, ಇವುಗಳ ಮುಂದೆ ಈ ಹಣದಿಂದ ನಡೆಯುವ ಕೆಲಸ ಯಾವುದೆಂದು ಕೇಳುವುದನ್ನು ಜನರು ಮರೆಯುವುದುಂಟು. ರಾಜಶಾಸನವೂ ಇಲ್ಲಿ ಪೂರ್ಣವಾದ ಆಶ್ರಯವಲ್ಲ. ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ವಿಧಿಸಿದ ತಡೆಯನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದುಗೊಳಿಸಿತು. 2022ರ ಏಪ್ರಿಲ್‌ನಿಂದ ಈ ನಾಣ್ಯಗಳ ಲಾಭದ ಮೇಲೆ ಶೇಕಡ 30ರ ತೆರಿಗೆ ಬಂದಿತು. ತೆರಿಗೆ ಹಾಕಿದ ಮಾತ್ರಕ್ಕೆ ಸರ್ಕಾರವು ಜಾಮೀನು ನಿಂತಂತಾಗಲಿಲ್ಲ.

ಇಷ್ಟರಿಂದ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ತೀರ್ಮಾನಿಸುವುದು ಅವಸರದ ಮಾತಾದೀತು. ಮುಖ ನೋಡಿ ಕೊಡುವ ವಂತಿಗೆಗೆ ಒಂದು ದೊಡ್ಡ ಕೊರತೆಯುಂಟು: ಅದು ತಾನು ಬಲ್ಲ ಮುಖಗಳನ್ನು ಮಾತ್ರ ನೋಡುತ್ತದೆ. ಐನ್‌ಮನೆಯ ದುರಸ್ತಿಗೆ ಒಕ್ಕದವರೆಲ್ಲ ಕೂಡುವರು. ಕಾಫಿ ತೋಟದ ಲೈನ್‌ಮನೆಯಲ್ಲಿರುವ ಎರವರ ಮಗುವಿನ ಕಾಯಿಲೆಗೆ ಯಾರ ಪಟ್ಟಿಯಲ್ಲಿ ಸ್ಥಳವಿದೆ? ಮುಯ್ಯಿಯ ಪುಸ್ತಕದಲ್ಲಿ ಹಿಂದಿರುಗಿಸಲಾರದವನ ಹೆಸರು ಕಡೆಗೇ ಬೀಳುತ್ತದೆ. ಯಾರು ಕೊಟ್ಟರೆಂಬುದು ಊರಿಗೆ ತಿಳಿಯುವಲ್ಲಿ, ಬಡವನು ಕೊಟ್ಟ ಅಲ್ಪಕ್ಕೆ ನಾಚಬೇಕಾಗುತ್ತದೆ, ಧನಿಕನು ಕೊಟ್ಟ ದೊಡ್ಡದಕ್ಕೆ ಮಾತು ನಡೆಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಸಾವಿರಾರು ಜನರು ಮನೆ ಬಿಟ್ಟು ಬಂದಾಗ ದೂರದ ಊರುಗಳಿಂದ ಹಣ, ಬಟ್ಟೆ, ಅಕ್ಕಿ ಕಳುಹಿದವರಲ್ಲಿ ಅನೇಕರು ಕೊಡಗನ್ನು ಕಂಡವರೇ ಅಲ್ಲ. ಮುಖವರಿಯದ ಕೊಡುಗೆಯು ಕೀಳಾಗಿದ್ದರೆ ಆ ಉಪಕಾರವೂ ಕೀಳಾಗಬೇಕಾಗಿತ್ತು. ಗುಪ್ತದಾನವನ್ನು ಹಿರಿಯರು ಹೊಗಳಿದುದು ಸುಮ್ಮನೆ ಅಲ್ಲ. ಎಲ್ಲೆಗಳನ್ನು ದಾಟಿ, ಹೆಸರನ್ನು ಬಯಸದೆ ಕೊಡುವವನಿಗೆ ಹೊಸ ನಾಣ್ಯವು ಹೊಸ ದಾರಿಯನ್ನು ಮಾಡಿಕೊಟ್ಟಿದೆಯೆಂಬುದನ್ನು ಒಪ್ಪಲೇಬೇಕು.

ಹಾಗಾದರೆ ದೋಷ ಎಲ್ಲಿದೆ? ದೇವಸ್ಥಾನದ ಹುಂಡಿಯೇ ಇದಕ್ಕೆ ಉತ್ತರ ಹೇಳುತ್ತದೆ. ಹುಂಡಿಗೆ ಹಾಕಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಒಂದು ರೂಪಾಯಿಯೂ ಸಾವಿರ ರೂಪಾಯಿಯೂ ಅಲ್ಲಿ ಒಂದೇ ಕತ್ತಲೆಗೆ ಬೀಳುತ್ತವೆ. ಆದರೆ ಹುಂಡಿಯನ್ನು ಒಡೆದು ಎಣಿಸುವಾಗ ಹಾಗಲ್ಲ. ಹಗಲು ಹೊತ್ತು ಬೇಕು, ಹತ್ತು ಜನರ ಕಣ್ಣು ಬೇಕು, ಸಹಿ ಹಾಕುವವರು ಬೇಕು. ಕೊಡುವವನಿಗೆ ಸಲ್ಲುವ ಮರೆ ಕೊಳ್ಳುವವನಿಗೆ ಸಲ್ಲದು. ಕ್ರಿಪ್ಟೋ ನಾಣ್ಯದ ವಂತಿಗೆಯಲ್ಲಿ ಉಂಟಾಗುವ ಅನರ್ಥವೆಲ್ಲ ಈ ಎರಡನ್ನೂ ಒಂದೇ ಎಂದು ಬಗೆಯುವುದರಿಂದ ಹುಟ್ಟುತ್ತದೆ. ದಾನಿಯ ವಿನಯಕ್ಕಾಗಿ ಇರಬೇಕಾದ ಪರದೆಯ ಹಿಂದೆ ಪಡೆದವನೂ ಬಂದು ನಿಲ್ಲುತ್ತಾನೆ. ಲೆಕ್ಕ ಸ್ಪಷ್ಟವಾಗಿದೆಯಲ್ಲ, ಇನ್ನೇನು ಬೇಕು ಎಂದು ಕೇಳುತ್ತಾನೆ.

ಬೇಕಾದುದು ಇಷ್ಟು: ಪಡೆದವನು ತನ್ನ ಹೆಸರನ್ನೂ ಊರನ್ನೂ ಹೇಳಬೇಕು, ಯಾವ ಕಾರ್ಯಕ್ಕೆ, ಯಾವ ದಿನದೊಳಗೆ ಎಂಬುದನ್ನು ತಿಳಿಸಬೇಕು, ಕಾರ್ಯ ಕೆಟ್ಟರೆ ಯಾರು ಬಂದು ಎಲ್ಲಿ ಪ್ರಶ್ನಿಸಬಹುದೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಇವುಗಳಲ್ಲಿ ಒಂದನ್ನೂ ಯಂತ್ರವು ತಾನಾಗಿ ಒದಗಿಸಲಾರದು. ಒಂದಕ್ಕೂ ಅಡ್ಡಿಯನ್ನೂ ಮಾಡದು. ಅಳಿಸಲಾಗದ ಲೆಕ್ಕವು ಪ್ರಾಮಾಣಿಕನಿಗೆ ಒಳ್ಳೆಯ ಆಯುಧವೇ ಸರಿ, ಅವನು ಅದನ್ನು ಉತ್ತರಕ್ಕೆ ಬದಲಾಗಿ ಮುಂದಿಡದೆ ಉತ್ತರದೊಡನೆ ಮುಂದಿಟ್ಟಲ್ಲಿ. ಕೊಡುವವನೂ ಇಷ್ಟನ್ನು ಕೇಳಿಯೇ ಕೊಡುವುದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯ; ಏಕೆಂದರೆ ಕೇಳದೆ ಕೊಟ್ಟ ಹಣವು ಮುಂದೆ ಮತ್ತೊಬ್ಬನನ್ನು ವಂಚಿಸುವುದಕ್ಕೆ ಬಂಡವಾಳವಾಗಬಹುದು. ನಾಣ್ಯ ಯಾವುದಾದರೂ ಆಗಲಿ, ಪರರ ಹಣವನ್ನು ಕೈಗೆ ತೆಗೆದುಕೊಂಡವನು ಆ ಕ್ಷಣದಿಂದ ಋಣಿಯಾಗುತ್ತಾನೆ. ಪುಸ್ತಕದಲ್ಲಿ ಮೊತ್ತ ಸರಿಹೋದ ಮಾತ್ರಕ್ಕೆ ಅವನು ಆ ಋಣದಿಂದ ಬಿಡುಗಡೆ ಹೊಂದಲಾರನು.